ನಾಯಿಯ ಗಂಟಲಲ್ಲಿ ಏನೋ ಸಿಕ್ಕಿಕೊಂಡರೆ ಮೊದಲು ಉಸಿರು ನೋಡಿ

ಗಂಟಲಲ್ಲಿ ಏನೋ ಸಿಕ್ಕಿ ನಾಯಿ ಒದ್ದಾಡತೊಡಗಿದರೆ ಹತ್ತಿರದಲ್ಲಿದ್ದವರ ಕೈ ಸೀದಾ ಅದರ ಬಾಯೊಳಕ್ಕೆ ಹೋಗುತ್ತದೆ. ತಪ್ಪಾಗುವುದೂ ಅಲ್ಲೇ. ಮೊದಲು ತಿಳಿಯಬೇಕಾದದ್ದು ಗಾಳಿ ಆಡುತ್ತಿದೆಯೇ ಎಂಬುದೊಂದೇ. ಅದಕ್ಕೆ ಐದು ಸೆಕೆಂಡು ಸಾಕು.

ನಾಯಿ ಕೆಮ್ಮುತ್ತಿದೆ, ಕುಂಯ್‌ಗುಡುತ್ತಿದೆ ಎಂದರೆ ಉಸಿರು ಹೋಗಿ ಬರುತ್ತಿದೆ. ಸದ್ದು ನಿಂತರೆ ಅಪಾಯ. ಆಗ ಅದು ಕತ್ತು ಚಾಚಿ, ಬಾಯಿ ಕಳೆದು, ಮುಂಗಾಲಿನಿಂದ ಮೂತಿ ಪರಚಿಕೊಳ್ಳುತ್ತದೆ. ಎದೆ ಎಷ್ಟು ಎಳೆದರೂ ಗಾಳಿ ಒಳಗಿಳಿಯದು. ತುಟಿ ಎತ್ತಿ ಒಸಡು ನೋಡಿ. ನಸುಗೆಂಪಾಗಿದ್ದರೆ ಆಸ್ಪತ್ರೆಗೆ ಒಯ್ಯಲು ಸಮಯವಿದೆ. ನೀಲಿಗೋ ಬೂದಿಗೋ ತಿರುಗಿದ್ದರೆ ಶ್ವಾಸನಾಳದ ದಾರಿ ಮುಚ್ಚಿದೆ, ಉಳಿದಿರುವುದು ಕೆಲವೇ ನಿಮಿಷ. ಒಸಡು ಹುಟ್ಟಾ ಕಪ್ಪಾಗಿದ್ದರೆ ಕಣ್ಣಿನ ಕೆಳರೆಪ್ಪೆಯ ಒಳಗನ್ನು ನೋಡಿ.

ಎರಡು ತೊಂದರೆಗಳು ಇದೇ ವೇಷದಲ್ಲಿ ಬಂದು ಮೋಸ ಮಾಡುತ್ತವೆ. ಒಂದು ಹಿಮ್ಮುಖ ಸೀನು: ನಾಯಿ ನಿಂತಲ್ಲೇ ಕತ್ತು ಚಾಚಿ ಮೂಗಿನಿಂದ ಗೊರ್ ಗೊರ್ ಎಂದು ಗಾಳಿ ಒಳಗೆಳೆಯುತ್ತದೆ, ಒಂದೆರಡು ನಿಮಿಷದೊಳಗೆ ತಾನಾಗಿ ನಿಲ್ಲುತ್ತದೆ. ಇನ್ನೊಂದು ನಾಯಿಗಳಲ್ಲಿ ಹರಡುವ ಒಣಕೆಮ್ಮು. ಕೆಮ್ಮಿನ ಕೊನೆಗೆ ಓಕರಿಸಿ ನೊರೆ ಕಕ್ಕುವುದರಿಂದ ಮೂಳೆ ಸಿಕ್ಕಿದೆ ಎಂದೇ ಅನೇಕರು ನಂಬುತ್ತಾರೆ. ಎರಡರಲ್ಲೂ ಒಸಡಿನ ಬಣ್ಣ ಸಾಮಾನ್ಯವಾಗಿ ಕೆಡುವುದಿಲ್ಲ.

ಉಸಿರು ಕಟ್ಟಿದ್ದರೆ

ಕುತ್ತಿಗೆಪಟ್ಟಿ ಬಿಚ್ಚಿ. ಇನ್ನೊಬ್ಬರಿದ್ದರೆ ಅವರು ಪಶುವೈದ್ಯರಿಗೆ ಫೋನ್ ಮಾಡಿ ವಾಹನ ಸಿದ್ಧಮಾಡಲಿ.

1. ಒಂದು ಕೈಯಿಂದ ಮೇಲ್ದವಡೆ ಹಿಡಿದು ತುಟಿಯನ್ನು ಹಲ್ಲಿನ ಮೇಲೆ ಮಡಚಿ ಒತ್ತಿ, ಇನ್ನೊಂದರಿಂದ ಕೆಳದವಡೆ ಇಳಿಸಿ. ಸಾಧ್ಯವಾದರೆ ಬಟ್ಟೆಯಿಂದ ನಾಲಿಗೆ ಹಿಡಿದು ಮುಂದಕ್ಕೆಳೆಯಿರಿ. ವಸ್ತು ಕಣ್ಣಿಗೆ ಕಂಡು, ಹಿಡಿತಕ್ಕೂ ಸಿಗುವಂತಿದ್ದರೆ ಮಾತ್ರ ತೆಗೆಯಿರಿ. ಕಾಣದ್ದನ್ನು ಬೆರಳಿನಿಂದ ತಡಕಬೇಡಿ. ನಾಲಿಗೆಯ ಬುಡದಲ್ಲಿ ಧ್ವನಿಪೆಟ್ಟಿಗೆಯನ್ನು ಹಿಡಿದು ನಿಲ್ಲಿಸುವ ಸಣ್ಣ ಮೂಳೆಗಳಿವೆ. ತಡಕುವ ಬೆರಳಿಗೆ ಅವೂ ಸಿಕ್ಕಿಕೊಂಡ ಮೂಳೆಚೂರಿನಂತೆಯೇ ತಾಕುತ್ತವೆ. ಅವನ್ನೇ ಜಗ್ಗಿ ಗಾಯಮಾಡಿದರೆ ಊತ ಬಂದು ಇದ್ದ ದಾರಿಯೂ ಮುಚ್ಚೀತು. ಎಷ್ಟೇ ಸಾಧು ನಾಯಿಯಾದರೂ ಉಸಿರು ಕಟ್ಟಿದಾಗ ಕಚ್ಚುತ್ತದೆ ಎಂಬುದೂ ನೆನಪಿರಲಿ.

2. ಸಣ್ಣ ನಾಯಿಯಾದರೆ ತಲೆ ಕೆಳಗಾಗಿ ಬರುವಂತೆ ಅದರ ಹಿಂಗಾಲುಗಳ ತೊಡೆಯ ಬಳಿ ಹಿಡಿದೆತ್ತಿ. ದೊಡ್ಡದಾದರೆ ಹಿಂಗಾಲುಗಳನ್ನಷ್ಟೇ ಎತ್ತಿ, ತಲೆ ತಗ್ಗಿರಲಿ. ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಬಿರುಸಾಗಿ ಹೊಡೆಯಿರಿ. ಮತ್ತೆ ಬಾಯಿ ನೋಡಿ.

3. ಜಾರದಿದ್ದರೆ ಹೊಟ್ಟೆ ಒತ್ತಬೇಕು. ನಿಂತಿರುವ ದೊಡ್ಡ ನಾಯಿಯನ್ನು ಹಿಂದಿನಿಂದ ಬಳಸಿ ಹಿಡಿದು, ಪಕ್ಕೆಲುಬು ಮುಗಿಯುವ ಮೆತ್ತನೆಯ ಜಾಗಕ್ಕೆ ಮುಷ್ಟಿ ಇಟ್ಟು, ಮೇಲಕ್ಕೂ ತಲೆಯ ಕಡೆಗೂ ಐದು ಸಲ ಜರ್ಕ್ ಕೊಟ್ಟು ಒತ್ತಿ. ಸಣ್ಣದರ ಬೆನ್ನನ್ನು ನಿಮ್ಮ ಎದೆಗಾನಿಸಿ ಎರಡೇ ಬೆರಳಿನಿಂದ ಹೀಗೆ ಮಾಡಿ. ಬಲ ಮಿತಿಮೀರಿದರೆ ಪಿತ್ತಜನಕಾಂಗ, ಗುಲ್ಮಕ್ಕೆ ಪೆಟ್ಟಾಗುತ್ತದೆ. ಪ್ರತಿ ಸುತ್ತಿನ ನಂತರವೂ ಬಾಯಿ ನೋಡಿ.

ಚೆಂಡಿನದು ಬೇರೆಯೇ ಕತೆ. ಜೊಲ್ಲಿನಲ್ಲಿ ತೊಯ್ದ ಚೆಂಡು ಬೆರಳಿಗೆ ಸಿಗದೆ ಜಾರಿ ಇನ್ನೂ ಒಳಗೆ ಸರಿಯುತ್ತದೆ. ಅದನ್ನು ಹೊರಗಿನಿಂದ ತಳ್ಳಬೇಕು. ನಾಯಿಯನ್ನು ಅಂಗಾತ ಮಲಗಿಸಿ ಎರಡೂ ಬದಿ ಮಂಡಿಯೂರಿ. ದವಡೆಯ ಕೆಳಗೆ ಕುತ್ತಿಗೆ ಮುಟ್ಟಿದರೆ ಗಟ್ಟಿ ಉಬ್ಬು ಸಿಗುತ್ತದೆ. ಅದಕ್ಕಿಂತ ಎದೆಯ ಕಡೆಗೆ, ಶ್ವಾಸನಾಳದ ಇಕ್ಕೆಲದಲ್ಲಿ ಹೆಬ್ಬೆರಳುಗಳನ್ನಿಟ್ಟು, ಮೊದಲು ಒಳಕ್ಕೆ ಅದುಮಿ, ಬಳಿಕ ಬಾಯಿಯ ಕಡೆಗೆ ನೂಕಿ. ಇನ್ನೊಬ್ಬರು ಬಾಯಿ ತೆರೆದು ಹಿಡಿದಿರಲಿ.

4. ಪ್ರಜ್ಞೆ ತಪ್ಪಿದರೆ ಪಕ್ಕಕ್ಕೆ ಮಲಗಿಸಿ, ನಾಲಿಗೆ ಮುಂದಕ್ಕೆಳೆದು ಇನ್ನೊಮ್ಮೆ ನೋಡಿ. ಈಗ ಸ್ನಾಯು ಸಡಿಲಾಗಿ ವಸ್ತು ಸುಲಭವಾಗಿ ಕೈಗೆ ಸಿಗಬಹುದು. ಆಗಲೂ ಉಸಿರಿಲ್ಲವೆಂದರೆ ಎದೆಯನ್ನು ಅದರ ಅಗಲದ ಮೂರನೇ ಒಂದರಿಂದ ಅರ್ಧದಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿಯ ವೇಗದಲ್ಲಿ ಒತ್ತಿ. 30 ಸಲ ಒತ್ತಿ, ಬಾಯಿ ಮುಚ್ಚಿ ಹಿಡಿದು ಮೂಗಿನೊಳಕ್ಕೆ 2 ಬಾರಿ ಉಸಿರೂದಿ. ಗಾಳಿ ಹೋಗದಿದ್ದರೂ ಒತ್ತುವುದನ್ನು ಬಿಡಬೇಡಿ, ಆ ಒತ್ತಡಕ್ಕೇ ವಸ್ತು ಚಿಮ್ಮಿ ಬರುವುದುಂಟು. ವಾಹನದಲ್ಲೂ ಮುಂದುವರಿಸಿ.

ಉಸಿರಿದೆ, ನುಂಗಲಾಗುತ್ತಿಲ್ಲ

ಎಳೆಎಳೆಯಾಗಿ ಜೊಲ್ಲು, ಮತ್ತೆ ಮತ್ತೆ ನುಂಗುವ ಯತ್ನ, ತಿಂದ ಸ್ವಲ್ಪ ಹೊತ್ತಿಗೇ ಜೀರ್ಣವಾಗದ ಆಹಾರ ವಾಪಸ್ ಬರುವುದು: ಇವು ಅನ್ನನಾಳದಲ್ಲಿ ಸಿಕ್ಕಿಕೊಂಡ ಗುರುತು. ಹೆಚ್ಚಾಗಿ ಸಿಕ್ಕಿಕೊಳ್ಳುವುದು ಕುತ್ತಿಗೆ ಎದೆಗೆ ಸೇರುವಲ್ಲಿ, ಹೃದಯದ ಬುಡದ ಬಳಿ, ಇಲ್ಲವೇ ಎದೆ-ಹೊಟ್ಟೆಗಳ ನಡುವಿನ ಪರದೆಯಾದ ವಪೆಯ ಮುಂಚೆ. ಈ ಮೂರೂ ಕಡೆ ಅನ್ನನಾಳ ಹೆಚ್ಚು ಹಿಗ್ಗುವುದಿಲ್ಲ. ವಸ್ತುವಿನ ಸುತ್ತ ಸ್ನಾಯು ಬಿಗಿದುಕೊಳ್ಳುತ್ತದೆ, ಒತ್ತಿದ ಜಾಗಕ್ಕೆ ರಕ್ತ ಹರಿಯದೆ ಗೋಡೆ ಸಾಯುತ್ತದೆ, ಕೊನೆಗೆ ತೂತಾಗಿ ಸೋಂಕು ಎದೆಗಿಳಿಯುತ್ತದೆ. ನಾಯಿ ಆರಾಮವಾಗಿದೆ ಎಂದು ನಾಳೆಗೆ ಬಿಡುವಂತಿಲ್ಲ.

ಬ್ರೆಡ್ಡೋ ಎಣ್ಣೆಯೋ ಕೊಟ್ಟು ಕೆಳಗಿಳಿಸುವ ಉಪಾಯ ಬೇಡ. ಅದು ಮೇಲೆ ತುಂಬಿಕೊಂಡು ಶ್ವಾಸಕೋಶಕ್ಕೆ ಸೇರುವ ಸಾಧ್ಯತೆಯೇ ಹೆಚ್ಚು; ಜೊತೆಗೆ, ಆಸ್ಪತ್ರೆಯಲ್ಲಿ ವಸ್ತು ತೆಗೆಯಲು ಅರಿವಳಿಕೆ ಕೊಡುವಾಗ ಹೊಟ್ಟೆ ಖಾಲಿಯಿದ್ದರೆ ಒಳ್ಳೆಯದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದಂತೂ ಬೇಡವೇ ಬೇಡ. ನಾಲಿಗೆಯ ಕೆಳಗೆ ದಾರ ಕಂಡರೆ ಎಳೆಯಬೇಡಿ: ಅದರ ಇನ್ನೊಂದು ತುದಿ ಕರುಳಿನಲ್ಲಿದ್ದರೆ ಗರಗಸದಂತೆ ಕೊಯ್ಯುತ್ತದೆ. ಮೀನಿನ ಗಾಳದ ದಾರವನ್ನು ಕತ್ತರಿಸಲೂ ಬೇಡಿ, ಗಾಳವನ್ನು ಹುಡುಕಲು ವೈದ್ಯರಿಗೆ ಅದೇ ದಾರಿ. ಗುಂಡಿಯಂಥ ಚಿಕ್ಕ ಬ್ಯಾಟರಿ, ಅಂದರೆ ಬಟನ್ ಸೆಲ್, ನುಂಗಿದ್ದರೆ ಅದು ಒಂದು ಗಂಟೆಯೊಳಗೇ ಅನ್ನನಾಳವನ್ನು ಸುಡತೊಡಗುತ್ತದೆ.

ಹೋಗುವಾಗ ನುಂಗಿದ ವಸ್ತುವಿನ ಉಳಿದ ತುಂಡು ಅಥವಾ ಅಂಥದ್ದೇ ಇನ್ನೊಂದನ್ನು ಒಯ್ಯಿರಿ. ಎಕ್ಸ್‌ರೇಯಲ್ಲಿ ಲೋಹ, ಮೂಳೆ ಕಾಣುತ್ತವೆ; ಮರ, ಬಟ್ಟೆ, ಪ್ಲಾಸ್ಟಿಕ್ ಎಷ್ಟೋ ಸಲ ಕಾಣುವುದಿಲ್ಲ. ಸಾಮಾನ್ಯವಾಗಿ ಎಂಡೋಸ್ಕೋಪ್ (ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆ) ಇಳಿಸಿ ತೆಗೆಯುತ್ತಾರೆ. ಮೂಳೆಯಾದರೆ ಹೊಟ್ಟೆಗೇ ತಳ್ಳಿಬಿಡುವುದೂ ಉಂಟು, ಅಲ್ಲಿನ ಆಮ್ಲ ಅದನ್ನು ಕರಗಿಸುತ್ತದೆ.

ಹೊರಬಂದ ಮೇಲೆ

ಮನೆಯಲ್ಲೇ ವಸ್ತು ಹೊರಬಂದರೂ ಅದೇ ದಿನ ವೈದ್ಯರಿಗೆ ತೋರಿಸಿ. ಮುಚ್ಚಿದ ದಾರಿಯಲ್ಲಿ ಬಲವಾಗಿ ಉಸಿರೆಳೆದ ನಾಯಿಯ ಶ್ವಾಸಕೋಶದಲ್ಲಿ ಕೆಲವು ಗಂಟೆಗಳ ನಂತರ ನೀರು ತುಂಬಬಹುದು. ಒಂದೆರಡು ದಿನ ಮಲಗಿದ್ದಾಗ ಉಸಿರು ಎಣಿಸಿ. ನಿಮಿಷಕ್ಕೆ 30 ದಾಟಿ ಏರುತ್ತಿದ್ದರೆ ತಕ್ಷಣ ಹೊರಡಿ. ಅನ್ನನಾಳಕ್ಕೆ ಗಾಯವಾಗಿದ್ದರೆ ಅದು ಮಾಯುವಾಗ ಕಿರಿದಾಗುವುದುಂಟು. ಒಂದರಿಂದ ಮೂರು ವಾರದಲ್ಲಿ ಗಟ್ಟಿ ಆಹಾರ ಮಾತ್ರ ವಾಪಸ್ ಬರತೊಡಗಿದರೆ ಅದನ್ನೇ ಶಂಕಿಸಬೇಕು.

ಮನೆಯಲ್ಲಿರುವ ಚೆಂಡುಗಳನ್ನೂ ಒಮ್ಮೆ ನೋಡಿ. ಮರಿಯಾಗಿದ್ದಾಗ ತಂದದ್ದು ಬೆಳೆದ ನಾಯಿಯ ಕೋರೆಹಲ್ಲುಗಳ ಹಿಂದಕ್ಕೆ ಸಲೀಸಾಗಿ ಹೋಗುತ್ತದೆ. ಒಂದೇ ತೂತಿನ ಟೊಳ್ಳು ಚೆಂಡು ನಾಲಿಗೆಯನ್ನು ಹೀರಿ ಹಿಡಿದುಕೊಳ್ಳಬಲ್ಲದು. ಎರಡು ತೂತಿದ್ದರೆ ಗಾಳಿ ಆಡುವುದರಿಂದ ಹಾಗಾಗದು.