ಕಲೆ ಎರಡನೇ ಮಹಡಿಯಲ್ಲಿ, ಸೋರಿಕೆ ನಾಲ್ಕನೆಯದರಲ್ಲಿ

2024ರ ಫೆಬ್ರವರಿ ಮೊದಲ ವಾರದಲ್ಲಿ ಬೆಂಗಳೂರಿನ ದಕ್ಷಿಣ ಭಾಗದ ಒಂದು ಅಪಾರ್ಟ್‌ಮೆಂಟಿನ 203ನೇ ಮನೆಯವರು ಸೋರಿಕೆಯ ಮೂಲ ಹುಡುಕಲು ನನ್ನನ್ನು ಕರೆಸಿದರು. ಬಚ್ಚಲುಮನೆಗೆ ಹೊಂದಿಕೊಂಡ ಮಲಗುವ ಕೋಣೆಯ ಗೋಡೆಯಲ್ಲಿ, ಚಾವಣಿಯ ಅಂಚಿನಿಂದ ಕೆಳಗೆ ಎರಡು ಅಡಿಯಷ್ಟು ಕಲೆ ಇಳಿದಿತ್ತು. ಬಣ್ಣ ಗುಳ್ಳೆಯೆದ್ದು, ಪುಟ್ಟಿ ಪುಡಿಪುಡಿಯಾಗಿ ಉದುರಿ, ಅದರ ಅಂಚಿನುದ್ದಕ್ಕೂ ಬಿಳಿ ಉಪ್ಪು ಹೂಬಿಟ್ಟಂತೆ ಕಾಣುತ್ತಿತ್ತು. ನೀರು ಇಟ್ಟಿಗೆ, ಗಾರೆಗಳೊಳಗಿನ ಲವಣವನ್ನು ಕರಗಿಸಿಕೊಂಡು ಬಂದು ಗೋಡೆಯ ಮೇಲ್ಮೈಯಲ್ಲಿ ಆರಿದಾಗ ಉಳಿಯುವುದೇ ಈ ಉಪ್ಪು. ಅಂಚಿನಲ್ಲಿ ಉಪ್ಪು ಹೊಸದಾಗಿ ಕಾಣುತ್ತಿದೆ ಎಂದರೆ ಪಸೆ ಇನ್ನೂ ಮುಂದುವರಿಯುತ್ತಿದೆ ಎಂದೇ ನಾನು ಓದಿಕೊಳ್ಳುತ್ತೇನೆ.

ಈ ಕಲೆಗೆ ಒಂದು ಹಿನ್ನೆಲೆಯೂ ಇತ್ತು. ಎರಡು ವರ್ಷಗಳ ಹಿಂದೆ ಇದೇ ಜಾಗದಲ್ಲಿ ಪಸೆ ಕಾಣಿಸಿಕೊಂಡು, ಮೇಲಿನ 303ನೇ ಮನೆಯವರು ತಮ್ಮ ಖರ್ಚಿನಲ್ಲಿ ನಹಾನಿ ಟ್ರ್ಯಾಪ್ (ಬಚ್ಚಲಿನ ನೆಲದ ನೀರು ಹೊರಹೋಗುವ ಬಾಯಿ) ಬದಲಿಸಿ, ಬಚ್ಚಲಿನ ನೆಲಕ್ಕೆ ವಾಟರ್‌ಪ್ರೂಫಿಂಗ್ ಮಾಡಿಸಿ, ಟೈಲ್ಸ್ ಸಂದುಗಳಿಗೆ ಎಪಾಕ್ಸಿ ತುಂಬಿಸಿದ್ದರು. ಒಂದೂವರೆ ವರ್ಷ ಗೋಡೆ ಒಣಗಿತ್ತು. ಆಮೇಲೆ ಕಲೆ ಮತ್ತೆ ಬಂದಾಗ 203ರವರು "ಹಿಂದಿನವನು ಕಳಪೆ ಕೆಲಸ ಮಾಡಿದ್ದಾನೆ" ಎಂದು ತೀರ್ಮಾನಿಸಿದ್ದರು. ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ಎಣಿಸಿಕೊಂಡು ಮೆಟ್ಟಿಲು ಹತ್ತಿದೆ.

ಯಾವ ಮನೆಯಲ್ಲಾದರೂ ನಾನು ಮೊದಲು ಹೇಳುವ ಕೆಲಸಕ್ಕೆ ಒಂದು ಪೆನ್ಸಿಲ್ ಸಾಕು. ಕಲೆಯ ಅಂಚಿನ ಸುತ್ತ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಬೇಕು. ಎರಡು ದಿನಕ್ಕೊಮ್ಮೆ, ಅದೇ ಹೊತ್ತಿಗೆ, ಮತ್ತೆ ನೋಡಬೇಕು. 203ರ ಮನೆಯೊಡತಿ ನಿವೃತ್ತ ಗಣಿತ ಅಧ್ಯಾಪಕಿ. ಅವರು ಗೆರೆ ಎಳೆದುದಷ್ಟೇ ಅಲ್ಲ, ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಗೆರೆಯ ಅಂತರವನ್ನು ಮಿಲಿಮೀಟರುಗಳಲ್ಲಿ ಬರೆದಿಟ್ಟಿದ್ದರು. ಹೀಗೆ ಗೆರೆ ಎಳೆದು ನೋಡಿದ ಹತ್ತು ದಿನಗಳಲ್ಲಿ ನಾಲ್ಕು ದಿನ 303ರವರು ಮದುವೆಗೆಂದು ಶಿವಮೊಗ್ಗಕ್ಕೆ ಹೋಗಿದ್ದರು. ಆ ನಾಲ್ಕು ದಿನವೂ ಕಲೆ ಬೆಳೆದಿತ್ತು.

ಈ ಒಂದು ಸಂಗತಿಯಿಂದಲೇ ಬಹಳಷ್ಟು ತಿಳಿಯಬೇಕಿತ್ತು. ಬಚ್ಚಲಿನ ನೆಲ ಅಥವಾ ಕೊಳಚೆ ಪೈಪು ಸೋರುವುದಾದರೆ ನೀರು ಬಳಸಿದಾಗ ಮಾತ್ರ ಪಸೆ ಏರಬೇಕು, ಮನೆ ಬೀಗ ಹಾಕಿದ್ದಾಗ ನಿಲ್ಲಬೇಕು. ಯಾರೂ ಇಲ್ಲದಾಗಲೂ ಬೆಳೆಯುವ ಕಲೆ ಸದಾ ಒತ್ತಡದಲ್ಲಿರುವ ಪೈಪಿನದು, ಎಂದರೆ ನಲ್ಲಿ ಅಥವಾ ಗೀಸರ್ ಲೈನಿನದು. ನಾನು ಇಷ್ಟನ್ನು ಸರಿಯಾಗಿಯೇ ಊಹಿಸಿ, ಮುಂದಿನ ಹೆಜ್ಜೆಯಲ್ಲಿ ತಪ್ಪಿದೆ. ಪೈಪು 303ರದೇ ಇರಬೇಕೆಂದುಕೊಂಡು, ಒತ್ತಡದ ಪರೀಕ್ಷೆಗೂ ಕಾಯದೆ, ಅವರ ಬಚ್ಚಲಿನ ಮೂಲೆಯಲ್ಲಿ ನಾಲ್ಕು ಟೈಲ್ಸ್ ಒಡೆಸಿದೆ. ಮರುದಿನ ಪರೀಕ್ಷೆ ಮಾಡಿದಾಗ ಅವರ ಎರಡೂ ಲೈನುಗಳು 5 ಕೆ.ಜಿ. ಒತ್ತಡವನ್ನು ಒಂದು ಗಂಟೆ ಅಲುಗಾಡದೆ ಹಿಡಿದುಕೊಂಡವು. (ಪ್ಲಂಬರ್‌ಗಳ ಬಾಯಲ್ಲಿ 'ಕೆ.ಜಿ.' ಎಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಒಂದು ಕಿಲೋ ಒತ್ತಡ; ಹತ್ತು ಮೀಟರು ಎತ್ತರದ ಟ್ಯಾಂಕಿನಿಂದ ಬರುವ ಒತ್ತಡಕ್ಕೆ ಹೆಚ್ಚುಕಡಿಮೆ ಸಮ.) 303ರ ಯಜಮಾನರು ಗೇಜನ್ನೂ ನನ್ನನ್ನೂ ನೋಡಿ, "ನಾವು ಮೊದಲೇ ಹೇಳಿದ್ವಲ್ಲ ಸರ್, ನಮ್ಮನೇಲಿ ಏನೂ ಸೋರ್ತಿಲ್ಲ ಅಂತ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆದರೆ ಒಡೆದ ಜಾಗವೇ ಆಮೇಲೆ ನನಗೆ ಕಿಟಕಿಯಾಯಿತು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಬಚ್ಚಲಿನ ಸ್ಲ್ಯಾಬನ್ನು ಮನೆಯ ಉಳಿದ ನೆಲಕ್ಕಿಂತ ಒಂದು ಅಡಿಯಷ್ಟು ತಗ್ಗಿಸಿ ಹಾಕಿ, ಪೈಪುಗಳನ್ನು ಎಳೆದ ಮೇಲೆ ಆ ತಗ್ಗನ್ನು ಇಟ್ಟಿಗೆ ಚೂರುಗಳಿಂದ ತುಂಬುತ್ತಾರೆ. ಈ ಸಂಕನ್ ಸ್ಲ್ಯಾಬ್ ಎಂಬುದು ಟೈಲ್ಸ್ ಕೆಳಗೆ ಅಡಗಿರುವ ಒಂದು ತೊಟ್ಟಿಯೇ ಸರಿ. ಇದಕ್ಕೆ ನೀರು ಎಲ್ಲಿಂದ ಬಂದರೂ ತುಂಬಿಕೊಂಡು, ಸ್ಲ್ಯಾಬಿನಲ್ಲಿ ಎಲ್ಲಿ ದುರ್ಬಲವಾಗಿದೆಯೋ ಅಲ್ಲಿ ಕೆಳಮನೆಗೆ ಇಳಿಯುತ್ತದೆ. ಕಲೆ ಕಂಡ ಜಾಗದ ನೇರ ಮೇಲೆ ಸೋರಿಕೆ ಇರಬೇಕಾಗಿಲ್ಲ ಎನ್ನುವುದಕ್ಕೆ ಮುಖ್ಯ ಕಾರಣ ಇದೇ. 303ರ ಹೊಂಡದಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು. ಅದನ್ನು ಸ್ಪಂಜಿನಿಂದ ಹೀರಿ ತೆಗೆದು, ಆ ಬಚ್ಚಲಿನ ವಾಲ್ವ್ ಮುಚ್ಚಿ ಬೀಗ ಹಾಕಿಸಿದೆ. ಬೆಳಗ್ಗೆ ನೋಡಿದರೆ ಎರಡು ಬೆರಳು ನೀರು ಮತ್ತೆ ತುಂಬಿತ್ತು.

ಆ ನೀರಿಗೆ ವಾಸನೆಯಿರಲಿಲ್ಲ, ಸೋಪಿನ ನೊರೆಯಿರಲಿಲ್ಲ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರು ಅದ್ದಿದಾಗ 410 ತೋರಿಸಿತು. ಅದೇ ಬೆಳಗ್ಗೆ ಆ ಕಟ್ಟಡದ ನಲ್ಲಿಗಳಲ್ಲಿ ಬರುತ್ತಿದ್ದ ಕಾವೇರಿ ನೀರು 230, ಫ್ಲಶ್ ಟ್ಯಾಂಕುಗಳಿಗೆ ಹೋಗುವ ಬೋರ್‌ವೆಲ್ ನೀರು 960 ಇದ್ದವು. ಇಲ್ಲಿ ಒಂದು ಎಚ್ಚರಿಕೆ ಬೇಕು: ನೀರು ಗಾರೆಯ ನಡುವೆ ಹರಿಯುವಾಗ ಲವಣ ಸೇರಿಸಿಕೊಳ್ಳುವುದರಿಂದ, ಅಂಕಿ ಹೆಚ್ಚಿದ್ದ ಮಾತ್ರಕ್ಕೆ ಅದು ಬೋರ್‌ವೆಲ್ ನೀರೆಂದು ಹೇಳಲಾಗದು, ಆದರೆ ಬೋರ್‌ವೆಲ್‌ಗಿಂತ ಇಷ್ಟು ಕಡಿಮೆಯಿದ್ದರೆ ಅದು ಫ್ಲಶ್ ಲೈನಿನ ನೀರಲ್ಲ ಎಂದು ಧೈರ್ಯವಾಗಿ ಹೇಳಬಹುದು. ಬೇಸಿಗೆಯಲ್ಲಿ ಟ್ಯಾಂಕರ್ ನೀರನ್ನು ಕಾವೇರಿ ನೀರಿನ ಸಂಪಿನೊಳಗೇ ಸುರಿಯುವುದರಿಂದ, ಎಲ್ಲ ಅಳತೆಗಳನ್ನೂ ಒಂದೇ ಹೊತ್ತಿನಲ್ಲಿ ತೆಗೆದುಕೊಳ್ಳದಿದ್ದರೆ ಈ ಲೆಕ್ಕ ಕೆಡುತ್ತದೆ.

ಇನ್ನು ಉಳಿದದ್ದು ಮೇಲಿನ ಮನೆ. 403 ಕಡೆಯ ಮಹಡಿಯದು. ತಾರಸಿಯ ಟ್ಯಾಂಕಿನಿಂದ ಆ ಮನೆಯ ಶವರಿನ ಡೈವರ್ಟರ್‌ಗೆ (ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಗುಬ್ಬಿಗೆ) ಸಿಗುವ ಎತ್ತರ ನಾಲ್ಕು ಮೀಟರಿನಷ್ಟು ಮಾತ್ರ, ಎಂದರೆ 0.4 ಕೆ.ಜಿ. ಅಷ್ಟು ಸಪ್ಪೆ ಒತ್ತಡದಲ್ಲಿ ಎರಡು ಮಹಡಿ ಕೆಳಗೆ ಕಲೆ ಬೀಳುವಷ್ಟು ಸೋರಿಕೆ ಹೇಗೆ ಎಂಬ ಅನುಮಾನ ನನಗಿತ್ತು. ಹೋಗಿ ಮಾತಾಡುತ್ತಾ ಕುಳಿತಾಗ ಆ ಮನೆಯ ಯುವಕ, ಹಿಂದಿನ ದೀಪಾವಳಿಯ ಹೊತ್ತಿಗೆ ಪ್ರೆಶರ್ ಪಂಪು ಹಾಕಿಸಿದ್ದಾಗಿ ತಿಳಿಸಿದ. ಅದು ಸರಿಯಾಗಿಲ್ಲವೆಂದು ಮೆಕ್ಯಾನಿಕ್ ಎರಡು ಸಲ ಬಂದು ಹೋಗಿದ್ದನಂತೆ. "ರಾತ್ರಿ ಎಲ್ಲರೂ ಮಲಗಿರ್ತೀವಿ, ಯಾವ ನಲ್ಲೀನೂ ಬಿಟ್ಟಿರಲ್ಲ. ತಾನಾಗೇ ಒಂದು ಸಲ ಗುರ್ ಅಂದು ನಿಲ್ಲುತ್ತೆ, ಅಂಕಲ್. ಸ್ವಲ್ಪ ಹೊತ್ತಿಗೆ ಮತ್ತೆ ಅದೇ."

ಪಂಪು ಸರಿಯಾಗಿಯೇ ಇತ್ತು. ಲೈನಿನೊಳಗೆ ಒತ್ತಡ ಇಳಿದಾಗ ತಾನಾಗಿ ಶುರುವಾಗಿ ತುಂಬಿಕೊಟ್ಟು ನಿಲ್ಲುವುದೇ ಅದರ ಕೆಲಸ; ಯಾರೂ ನಲ್ಲಿ ಬಿಡದೆ ಅದು ಓಡುತ್ತಿದೆ ಎಂದರೆ ನೀರು ಬೇರೆಲ್ಲೋ ಹೋಗುತ್ತಿದೆ ಎಂದರ್ಥ. ಈ ಒಂದು ಪ್ರಶ್ನೆಯನ್ನು ಮೊದಲ ದಿನವೇ, ಎರಡು ಮಹಡಿ ಮೇಲಕ್ಕೂ ಹೋಗಿ ಕೇಳಿದ್ದರೆ ನಾಲ್ಕು ಟೈಲ್ಸ್ ಉಳಿಯುತ್ತಿದ್ದವು. ಅಂದಿನಿಂದ ನಾನು ಕಲೆಯ ಮೇಲಿರುವ ಎಲ್ಲ ಮಹಡಿಗಳ ಬಾಗಿಲನ್ನೂ ತಟ್ಟುತ್ತೇನೆ.

ಪರೀಕ್ಷೆಯನ್ನು ಹೀಗೆ ಮಾಡಿದೆ. ಬಚ್ಚಲಿನ ವಾಲ್ವ್ ಮುಚ್ಚಿ, ಪಂಪನ್ನು ಬಿಚ್ಚಿಟ್ಟು, ಗೀಸರ್‌ಗೆ ಒತ್ತಡ ತಾಗದಂತೆ ಅದರ ಒಳಹರಿವು ಹೊರಹರಿವಿನ ಪೈಪುಗಳನ್ನು ಒಂದು ಹೋಸಿನಿಂದ ಜೋಡಿಸಿ, ಉಳಿದ ಪಾಯಿಂಟುಗಳಿಗೆ ಪ್ಲಗ್ ಹಾಕಿ, ಶವರಿನ ಬಾಯಿಗೆ ಗೇಜ್ ಇರುವ ಕೈಪಂಪನ್ನು ಕೂಡಿಸಿದೆ. 5 ಕೆ.ಜಿ.ಗೆ ಏರಿಸಿದ ಮುಳ್ಳು ಇಪ್ಪತ್ತು ನಿಮಿಷದಲ್ಲಿ 3.8ಕ್ಕೆ ಇಳಿಯಿತು. ಹೋಸನ್ನು ತೆಗೆದು ಎರಡೂ ಲೈನುಗಳನ್ನು ಬೇರೆಬೇರೆ ನೋಡಿದಾಗ ತಣ್ಣೀರಿನದು ನಿಂತಿತು, ಬಿಸಿನೀರಿನದು ಇಳಿಯಿತು. ಬಿಸಿನೀರಿನ ಲೈನು ಸೋರುವಾಗ ಥರ್ಮಲ್ ಕ್ಯಾಮೆರಾ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಈ ಕ್ಯಾಮೆರಾ ಗೋಡೆಯೊಳಗಿನ ನೀರನ್ನು ತೋರಿಸುತ್ತದೆಂಬ ನಂಬಿಕೆ ಹಲವರಿಗಿದೆ. ಅದು ತೋರಿಸುವುದು ಮೇಲ್ಮೈಯ ಶಾಖವನ್ನಷ್ಟೇ. ಮಧ್ಯಾಹ್ನದ ಬಿಸಿಲು ಬಿದ್ದ ಹೊರಗೋಡೆಯಲ್ಲಿ ಅದು ನನ್ನನ್ನೇ ಹಲವು ಸಲ ದಾರಿ ತಪ್ಪಿಸಿದೆ. ಇಲ್ಲಿ ಸಂಜೆಯ ಹೊತ್ತು, ಗೀಸರ್ ಜೋಡಿಸಿ ಬಿಸಿನೀರನ್ನು ಹದಿನೈದು ನಿಮಿಷ ಹರಿಸಿ ನೋಡಿದಾಗ, ಪೈಪಿನ ದಾರಿ ಪರದೆಯ ಮೇಲೆ ತೆಳುವಾದ ಗೆರೆಯಾಗಿ ಮೂಡಿ, ಡೈವರ್ಟರ್‌ನ ಎಡಗಡೆ ಕೆಳಗೆ ಅಂಗೈಯಗಲದ ಮಬ್ಬಾಗಿ ಹರಡಿತು.

ಒಡೆದದ್ದು ಒಂದೇ ಟೈಲ್. ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಿನ ಕೊನೆಗೆ ಕೂಡಿಸಿದ್ದ, ಹಿತ್ತಾಳೆ ಮರೆಯ (ತಿರುಗಿಸಿ ಬಿಗಿಯುವ ಸುರುಳಿ ಗೀರಿನ) ಎಲ್ಬೋದಲ್ಲಿ, ಎಂದರೆ ಪೈಪು ತಿರುಗುವ ಮೂಲೆಯ ತುಂಡಿನಲ್ಲಿ, ಕೂದಲೆಳೆಯಷ್ಟು ಸೀಳು ಇತ್ತು. ಬೆರಳಿನಿಂದ ಒರೆಸಿದರೆ ಕ್ಷಣದಲ್ಲಿ ಮತ್ತೆ ಒಂದು ಹನಿ ಕಟ್ಟುತ್ತಿತ್ತು. ಮರೆಗೆ ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತಿ, ಸ್ಪ್ಯಾನರಿನಿಂದ ಬಲವಂತವಾಗಿ ಬಿಗಿದಾಗ ಹಿತ್ತಾಳೆಯ ಸುತ್ತಲಿನ ಪ್ಲಾಸ್ಟಿಕ್ ಹೀಗೆ ಸೀಳುವುದನ್ನು ಬಹಳ ಕಡೆ ನೋಡಿದ್ದೇನೆ. ಹಳೆಯ ಸಪ್ಪೆ ಒತ್ತಡದಲ್ಲಿ ವರ್ಷಗಟ್ಟಲೆ ಸುಮ್ಮನಿದ್ದ ಸೀಳು, ಪಂಪಿನ ಒತ್ತಡ ಬಿದ್ದ ಮೇಲೆ ಬಾಯಿ ತೆರೆದಿತ್ತು. ಸೆಕೆಂಡಿಗೆ ಒಂದು ಹನಿ ಎಂದರೆ ದಿನಕ್ಕೆ ನಾಲ್ಕು ಲೀಟರಿಗೂ ಸ್ವಲ್ಪ ಹೆಚ್ಚು. ನೀರಿನ ಬಿಲ್ಲಿನಲ್ಲಿ ಅದು ಕಾಣುವುದೇ ಇಲ್ಲ, ಗೋಡೆಗೆ ಮಾತ್ರ ಧಾರಾಳ. ಆ ಗೋಡೆ ಡಕ್ಟಿನ (ಎಲ್ಲ ಮಹಡಿಗಳ ಪೈಪುಗಳು ಇಳಿಯುವ ಕಿರಿದಾದ ತೆರವಿನ) ಕಡೆಯದಾದ್ದರಿಂದ ನೀರು ಡಕ್ಟಿನ ಮುಖಕ್ಕೆ ಇಳಿದು, ಒಂದು ಮಹಡಿ ಹರಿದು, 303ರ ಕೊಳಚೆ ಪೈಪು ಹೊರಬರುವ ತೂತಿನ ಮುಚ್ಚದ ಸಂದಿನಿಂದ ಆ ಮನೆಯ ಸಂಕನ್ ಒಳಗೆ ಸೇರುತ್ತಿತ್ತು. ಇದನ್ನು ಊಹೆಗೆ ಬಿಡದೆ, ಡಕ್ಟಿನ ಗೋಡೆಗೆ ಕೆಂಪು ಬಣ್ಣ ಬೆರೆಸಿದ ನೀರು ಸುರಿದು ನೋಡಿದೆ. ಎರಡು ಗಂಟೆಯ ನಂತರ 303ರ ಹೊಂಡದಲ್ಲಿ ಕೆಂಪು ನೀರು ಕಂಡಿತು. ಹಿಂದಿನವನ ಕೆಲಸದಲ್ಲಿ ದೋಷವಿರಲಿಲ್ಲ. ಅವನು ಸರಿಪಡಿಸಿದ ಸೋರಿಕೆ ಬೇರೆ, ಇದು ಬೇರೆ.

ದುರಸ್ತಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎಲ್ಬೋ ಬದಲಿಸಿ, ಅಂಟು ಪೂರ್ತಿ ಆರಿದ ಮೇಲೆ ಮತ್ತೆ 5 ಕೆ.ಜಿ. ಹಾಕಿ, ಒಂದು ರಾತ್ರಿ ಕಳೆದು ಮುಳ್ಳು ಅಲ್ಲೇ ಇದ್ದುದನ್ನು ನೋಡಿಕೊಂಡು ಟೈಲ್ ಮುಚ್ಚಿದೆವು. ಡಕ್ಟಿನ ಸಂದಿಗೆ ಕುಗ್ಗದ ಗ್ರೌಟ್ ತುಂಬಿ, 303ರ ಸಂಕನ್ ತಳದಿಂದ ಡಕ್ಟಿಗೆ ಒಂದು ಸಣ್ಣ ಪೈಪಿಟ್ಟೆವು. ಮುಂದೆ ಎಂದಾದರೂ ಅಲ್ಲಿ ನೀರು ಸೇರಿದರೆ ಅದು ಕೆಳಮನೆಯ ಗೋಡೆಯ ಬದಲು ಡಕ್ಟಿನಲ್ಲಿ ಕಾಣಿಸಿಕೊಳ್ಳಲಿ ಎಂದು. ಎಲ್ಬೋದ ಖರ್ಚು 403ರವರದು, ಡಕ್ಟ್ ಎಲ್ಲರಿಗೂ ಸೇರಿದ್ದರಿಂದ ಅದರ ಖರ್ಚು ಅಸೋಸಿಯೇಷನ್‌ನದು ಎಂದು ಮೀಟಿಂಗಿನಲ್ಲಿ ಒಪ್ಪಿಸಲು ಹಿಡಿದ ಸಮಯ, ದುರಸ್ತಿಗೆ ಹಿಡಿದದ್ದಕ್ಕಿಂತ ಹೆಚ್ಚು.

203ರ ಮೇಡಂಗೆ ಏಪ್ರಿಲ್ 9ರ ಯುಗಾದಿಯೊಳಗೆ ಬಣ್ಣ ಬಳಿಸುವ ಆಸೆಯಿತ್ತು. ಸೋರಿಕೆ ನಿಂತ ಮಾತ್ರಕ್ಕೆ ಗೋಡೆ ಒಣಗುವುದಿಲ್ಲ. ಒಳಗೆ ಕುಡಿದ ನೀರೆಲ್ಲ ಮೇಲ್ಮೈಗೆ ಬಂದು ಆರಬೇಕು, ಅಷ್ಟರೊಳಗೆ ಬಣ್ಣ ಬಳಿದರೆ ಅದೇ ಗುಳ್ಳೆ, ಮತ್ತೆ ನನಗೇ ಫೋನು. ಉದುರುವ ಪುಟ್ಟಿಯನ್ನೆಲ್ಲ ಕೆರೆಸಿ, ಫ್ಯಾನ್ ಹಾಕಿ ಬಿಡಲು ಹೇಳಿದೆ. ವಾರಕ್ಕೊಮ್ಮೆ ತೇವಾಂಶದ ಮೀಟರನ್ನು ಕಲೆಯ ಮೇಲೂ, ಅದೇ ಕೋಣೆಯ ಒಣಗೋಡೆಯ ಮೇಲೂ ಇಟ್ಟು ನೋಡುತ್ತಿದ್ದೆ. ಎರಡೂ ಅಂಕಿಗಳು ಸಮಕ್ಕೆ ಬಂದದ್ದು ಮೇ ಎರಡನೇ ವಾರದಲ್ಲಿ. ಅವರು ಬೇಸರಪಟ್ಟುಕೊಂಡರೂ ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದುಕೊಂಡರು.

303ರ ನಾಲ್ಕು ಟೈಲ್ಸ್ ನನ್ನ ಲೆಕ್ಕಕ್ಕೆ ಬಂದವು. ಹದಿನಾಲ್ಕು ವರ್ಷದ ಹಿಂದಿನ ಆ ನಮೂನೆ ಎಷ್ಟು ಅಂಗಡಿ ಸುತ್ತಿದರೂ ಸಿಗಲಿಲ್ಲ. ಕೆನೆಬಣ್ಣದ ನೆಲದ ಮೂಲೆಯಲ್ಲಿ ಈಗಲೂ ನಾಲ್ಕು ಮಾತ್ರ ಒಂದು ಛಾಯೆ ಬಿಳುಪಾಗಿವೆ.