ರಾಗಿಗೆ ಯೂರಿಯಾ ಎರಚೋಕೆ ಮುಂಚೆ

ಚಿಂತಾಮಣಿ, ಶಿಡ್ಲಘಟ್ಟ ಕಡೆ ಮಳೆ ನಂಬ್ಕೊಂಡು ರಾಗಿ ಇಡೋ ಅಣ್ಣಂದಿರಿಗೆ ಒಂದು ಮಾತು. 45 ಕೆಜಿ ಯೂರಿಯಾ ಚೀಲದಲ್ಲಿ ಸಾರಜನಕ ಇರೋದು ಸುಮಾರು 20 ಕೆಜಿ, ಅದನ್ನ ಒಂದೇ ಸಲ ಎರಚಿಬಿಟ್ರೆ ಪೈರು ಎಲ್ಲಾನೂ ಹೀರ್ಕೊಳ್ಳಲ್ಲ, ಮಿಕ್ಕಿದ್ರಲ್ಲಿ ಒಂದಷ್ಟು ಮಳೆಗೆ ಕೊಚ್ಕೊಂಡು ಹೋಗುತ್ತೆ, ಇನ್ನೊಂದಿಷ್ಟು ನೈಟ್ರಸ್ ಆಕ್ಸೈಡ್ ಆಗಿ ಗಾಳಿ ಸೇರುತ್ತೆ, ಆ ಗ್ಯಾಸು ತೂಕಕ್ಕೆ ತೂಕ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜಾಸ್ತಿ ಬಿಸಿ ಏರಿಸುತ್ತೆ. ದುಡ್ಡು ಕೊಟ್ಟಿದ್ದು ನಾವೇ ಅಲ್ವಾ! ಅರ್ಧ ಬಿತ್ತನೆಗೆ, ಇನ್ನರ್ಧ ಕಳೆ ಕಿತ್ತ ಮೇಲೆ ನೆಲ ಹಸಿ ಇದ್ದಾಗ ಕೊಡಿ. ಅಜ್ಜಿ ಕಾಲದ ಅಕ್ಕಡಿ ಸಾಲೂ ಬಿಡ್ಬೇಡಿ, 8 ಸಾಲು ರಾಗಿಗೆ 2 ಸಾಲು ತೊಗರಿ, ಅದರ ಬೇರುಗಂಟು ಗಾಳಿಯಲ್ಲಿರೋ ಸಾರಜನಕ ಹಿಡಿಯುತ್ತೆ, ಉದುರಿದ ಎಲೆನೂ ಗೊಬ್ಬರಾನೇ. ಹೊಲದ ಕಸಕ್ಕೆ ಬೆಂಕಿ ಬೇಡ, ತಿಪ್ಪೆಗೆ ಹಾಕಿ.