ರಿವರ್ಸ್ ಕ್ಯಾಮೆರಾ ಎರಡು ಸಲ ಕೂರಿಸಿದ ಕತೆ

ಮಂಗಳೂರಿನ ಕಾಪಿಕಾಡಿನಲ್ಲಿ ನಮ್ಮ ಮನೆ ರಸ್ತೆಗಿಂತ ನಾಲ್ಕಡಿ ತಗ್ಗಿನಲ್ಲಿ ಉಂಟು. ಬೆಳಿಗ್ಗೆ ಕಾರು ಹೊರಗೆ ತೆಗೆಯುವುದೆಂದರೆ ಹಿಂದೆ ಹಿಂದೆ ಹೋಗುತ್ತ ಏರು ಹತ್ತಿಸುವುದು. ಎಡಗಡೆ ಕೆಂಪುಕಲ್ಲಿನ ಗೇಟುಕಂಬ, ಬಲಗಡೆ ಮಳೆನೀರಿನ ತೋಡು, ಹಿಂದಿನ ಗಾಜಿನಲ್ಲಿ ಆಕಾಶ ಮತ್ತು ಮೆಸ್ಕಾಂನ ಕರೆಂಟು ತಂತಿ. ದೀಪಾವಳಿ ಹೊತ್ತಿಗೆ ಬಂಪರಿನ ಮೂಲೆ ಕಂಬಕ್ಕೆ ಉಜ್ಜಿ, ಪೈಂಟಿಗೆ 2,800 ರೂಪಾಯಿ ಹೋಯಿತು. 2019ರ ಜುಲೈ ನಂತರ ತಯಾರಾದ ಕಾರುಗಳಿಗೆ ಹಿಂಬದಿ ಸೆನ್ಸರ್ ಕಡ್ಡಾಯ, ಏನಾದರೂ ಹತ್ತಿರ ಬಂದರೆ ಅದು ಕೂಗಿಕೊಳ್ಳುತ್ತದೆ. ನಮ್ಮದು 2013ರ ಸಣ್ಣ ಮಾರುತಿ. ಅದಕ್ಕೆ ಕೂಗುವವರು ನನ್ನ ಮಾವ ಒಬ್ಬರೇ. ಗೇಟಿನಲ್ಲಿ ನಿಂತು “ಬರ್ಲಿ, ಬರ್ಲಿ, ಬರ್ಲಿ” ಎನ್ನುತ್ತಾರೆ. “ಸಾಕು” ಎನ್ನುವುದು ತಾಗಿದ ಮೇಲೆ.

ಕಾರಿನ ಹಿಂದೆ ಏನುಂಟು ಎಂದು ತೋರಿಸುವ ರಿವರ್ಸ್ ಕ್ಯಾಮೆರಾ ಹಾಕಿಸೋಣ ಎಂದುಕೊಂಡೆ. ಒಂದು ಅಂಗಡಿಯಲ್ಲಿ ಸ್ಕ್ರೀನು, ಕ್ಯಾಮೆರಾ, ಕೂಲಿ ಎಲ್ಲ ಸೇರಿ 4,500 ಹೇಳಿದರು. ಆನ್‌ಲೈನಿನಲ್ಲಿ ಕ್ಯಾಮೆರಾ 650ಕ್ಕೆ, 4.3 ಇಂಚಿನ ಸ್ಕ್ರೀನು 1,100ಕ್ಕೆ ಸಿಕ್ಕಿತು. ಫ್ಯೂಸ್ ಹೋಲ್ಡರ್, ಬಿಸಿ ಮಾಡಿದರೆ ಕುಗ್ಗಿ ವೈರನ್ನು ಕಚ್ಚಿಕೊಳ್ಳುವ ಹೀಟ್ ಶ್ರಿಂಕ್ ಸ್ಲೀವ್, ಸಿಲಿಕೋನ್ ಟ್ಯೂಬ್ ಹಂಪನಕಟ್ಟೆಯಲ್ಲಿ 300ರ ಒಳಗೆ ಆಯಿತು. ಶಾಲೆಯಲ್ಲಿ ಎಂಟನೆಯವರಿಗೆ ವಿದ್ಯುತ್ ಮಂಡಲ ಹೇಳಿಕೊಡುವವಳಿಗೆ ಎರಡು ವೈರು ಜೋಡಿಸಲು ಭಯವೇನು ಎಂದುಕೊಂಡೆ. ವೈರು ಜೋಡಿಸುವುದು ಇದರಲ್ಲಿ ಹತ್ತು ನಿಮಿಷದ ಕೆಲಸ. ಉಳಿದದ್ದೆಲ್ಲ ಆ ವೈರು ಹೋಗಬೇಕಾದ ದಾರಿಯದ್ದೇ ರಗಳೆ.

ಕಾರಿಗೆ ಕೈ ಹಾಕುವ ಮೊದಲು ಊಟದ ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿ ನೋಡಿದೆ. ಹಳೆ ವೈಫೈ ರೂಟರಿನ 12 ವೋಲ್ಟ್ ಅಡಾಪ್ಟರಿನ ಪಿನ್ ಕತ್ತರಿಸಿ, ವೋಲ್ಟ್ ಅಳೆಯುವ ಮಲ್ಟಿಮೀಟರಿನಲ್ಲಿ ಪ್ಲಸ್ ಯಾವುದು ಮೈನಸ್ ಯಾವುದು ಎಂದು ಖಾತ್ರಿ ಮಾಡಿ, ಕ್ಯಾಮೆರಾಕ್ಕೂ ಸ್ಕ್ರೀನಿಗೂ ಕರೆಂಟು ಕೊಟ್ಟೆ. ಮಾವನ ಕೈಯಲ್ಲಿದ್ದ ಪತ್ರಿಕೆ ಸ್ಕ್ರೀನಿನಲ್ಲಿ ಚೆಂದಕ್ಕೆ ಓದಲಿಕ್ಕೆ ಬಂತು. ಚೆಂದಕ್ಕೆ ಓದಲಿಕ್ಕೆ ಬಂದರೆ ತಪ್ಪು. ನಾವು ಮುಂದಕ್ಕೆ ಮುಖ ಮಾಡಿ ಕೂತು ಹಿಂದಿನದನ್ನು ನೋಡುವವರು, ಎಡಗಡೆಯ ಕಂಬ ಸ್ಕ್ರೀನಿನ ಎಡಕ್ಕೇ ಕಾಣಬೇಕು. ಅಂದರೆ ಚಿತ್ರ ಕನ್ನಡಿಯ ಹಾಗಿರಬೇಕು, ಅಕ್ಷರ ಉಲ್ಟಾ ಕಾಣಬೇಕು. ಕ್ಯಾಮೆರಾದ ಬಾಲದಲ್ಲಿ ಎರಡು ಚಿಕ್ಕ ಕುಣಿಕೆ ವೈರುಗಳಿದ್ದವು. ಡಬ್ಬಿಯ ಚೀಟಿ ಪ್ರಕಾರ ನನ್ನದರಲ್ಲಿ ಬಿಳಿ ಕತ್ತರಿಸಿದರೆ ಚಿತ್ರ ತಿರುಗುತ್ತದೆ, ಹಸಿರು ಕತ್ತರಿಸಿದರೆ ಹಿಂದಿನ ವಸ್ತು ಎಷ್ಟು ದೂರ ಎಂದು ತೋರಿಸಲು ಚಿತ್ರದ ಮೇಲೆ ಬರುವ ಬಣ್ಣದ ಗೆರೆಗಳು ಹೋಗುತ್ತವೆ. ಬಿಳಿಯನ್ನು ಕತ್ತರಿಸಿ ತುದಿಗಳಿಗೆ ಬೇರೆ ಬೇರೆಯಾಗಿ ಟೇಪು ಸುತ್ತಿದೆ. ಎಲ್ಲ ಕ್ಯಾಮೆರಾಗಳಲ್ಲಿ ಇದೇ ಬಣ್ಣ ಇರುವುದಿಲ್ಲ, ಚೀಟಿ ಓದದೆ ಕತ್ತರಿ ಹಾಕಬೇಡಿ.

ನಂಬರ್ ಪ್ಲೇಟಿನ ಸ್ಕ್ರೂವಿನಲ್ಲೇ ಸಿಕ್ಕಿಸುವ ಕ್ಯಾಮೆರಾ ಸುಲಭ ಎನ್ನುತ್ತಾರೆ. ಎಚ್‌ಎಸ್‌ಆರ್‌ಪಿ, ಅಂದರೆ ಹೆಚ್ಚು ಭದ್ರತೆಯ ಆ ನಂಬರ್ ಪ್ಲೇಟು ಹಾಕಿಸಿದ ಮೇಲೆ ಆ ದಾರಿ ಬಂದ್. ಅದರ ಸ್ನ್ಯಾಪ್ ಲಾಕ್ ಒಮ್ಮೆ ಕೂತರೆ ಮುರಿಯದೆ ಬಿಚ್ಚಲಿಕ್ಕೆ ಆಗುವುದಿಲ್ಲ, ಪ್ಲೇಟಿನ ಅಕ್ಷರ ಮರೆಯಾಗಲೂಬಾರದು. ಹಾಗಾಗಿ ಪ್ಲೇಟಿನ ಮೇಲಿನ ಪ್ಲಾಸ್ಟಿಕ್ ಪಟ್ಟಿಯ ಅಡಿಗೆ ಎರಡು ಸಣ್ಣ ಸ್ಕ್ರೂ ಹಾಕಿ ಕೂರಿಸಿದೆ. ತಗಡಿಗೆ ಡ್ರಿಲ್ ಹಾಕಲಿಲ್ಲ. ಈ ಉಪ್ಪುಗಾಳಿಯಲ್ಲಿ ತಗಡಿಗೆ ತೂತು ಹೊಡೆಯುವುದೆಂದರೆ ತುಕ್ಕಿಗೆ ಮಣೆ ಹಾಕಿ ಕರೆದ ಹಾಗೆ. ನಂಬರ್ ಪ್ಲೇಟಿನ ಲೈಟು ಕೂತಿರುವ ಗೂಡಿನಲ್ಲೇ ವೈರನ್ನು ಡಿಕ್ಕಿ ಬಾಗಿಲಿನ ಒಳಗೆ ನುಗ್ಗಿಸಿದೆ.

ಕ್ಯಾಮೆರಾಕ್ಕೆ ಕರೆಂಟು ರಿವರ್ಸ್ ಲೈಟಿನಿಂದ. ನಮ್ಮ ಕಾರಿನಲ್ಲಿ ಆ ಲೈಟು ಡಿಕ್ಕಿ ಬಾಗಿಲಿನಲ್ಲಿಲ್ಲ, ಬಾಡಿಯ ಟೈಲ್ ಲ್ಯಾಂಪಿನೊಳಗೆ ಉಂಟು. ಲ್ಯಾಂಪ್ ಬಿಚ್ಚಿ, ಹಿಂದಿನ ಚಕ್ರಕ್ಕೆ ಕೆಂಪುಕಲ್ಲಿನ ತುಂಡು ಅಡ್ಡ ಇಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿ ರಿವರ್ಸ್ ಗೇರಿಗೆ ಹಾಕಿದೆ. ಮಾವ ಮನೆಯ ಟೆಸ್ಟರ್ ಹಿಡಿದುಕೊಂಡು ಬಂದರು.

“ಇದರಲ್ಲಿ ಹೊತ್ತುವುದೇ ಇಲ್ಲವಲ್ಲ ಮಾರಾಯ್ತಿ, ಕರೆಂಟು ಇಲ್ಲ ಅದಕ್ಕೆ.”

“ಅದು ಮನೆಯ 230 ವೋಲ್ಟಿನದ್ದು ಮಾವ. 12 ವೋಲ್ಟಿಗೆ ಅದು ಹೊತ್ತುವುದಿಲ್ಲ.”

ಮೀಟರ್ ಇಟ್ಟರೆ ಒಂದು ವೈರಿನಲ್ಲಿ 12ರ ಮೇಲೆ ತೋರಿಸಿತು, ಗೇರ್ ತೆಗೆದರೆ ಸೊನ್ನೆ. ಅದೇ ನಮ್ಮ ವೈರು. ಬಣ್ಣ ನೋಡಿ ಅಂದಾಜಿನಲ್ಲಿ ಹಿಡಿದಿದ್ದರೆ ಪಕ್ಕದ ಬ್ರೇಕ್ ಲೈಟಿನ ವೈರಿಗೇ ಜೋಡಿಸುತ್ತಿದ್ದೆನೋ ಏನೋ. ಕ್ಯಾಮೆರಾದ ಕೆಂಪನ್ನು ಅದಕ್ಕೆ, ಕಪ್ಪನ್ನು ಬಾಡಿಯ ಒಂದು ಬೋಲ್ಟಿಗೆ, ಪೈಂಟ್ ಕೆರೆದು ಜೋಡಿಸಿದೆ.

ಇನ್ನೊಂದು ಉಪಾಯ ಮಾಡಿದೆ. ಕ್ಯಾಮೆರಾದೊಟ್ಟಿಗೆ ಬರುವ ಆರು ಮೀಟರಿನ ವಿಡಿಯೋ ಕೇಬಲಿನ ಮೈಗಂಟಿಕೊಂಡು ತೆಳ್ಳಗಿನ ಒಂದು ಕೆಂಪು ವೈರು ಹೋಗುತ್ತದೆ. ಅದರ ಹಿಂದಿನ ತುದಿಯನ್ನು ರಿವರ್ಸ್ ಲೈಟಿನ ವೈರಿಗೆ ಸೇರಿಸಿ, ಮುಂದಿನ ತುದಿಯಿಂದ ಸ್ಕ್ರೀನಿಗೇ ಕರೆಂಟು ಕೊಟ್ಟೆ. ಸೇರಿಸಿದ ಜಾಗದ ಹತ್ತಿರವೇ ಒಂದು ಆಂಪಿಯರಿನ ಫ್ಯೂಸ್. ಫ್ಯೂಸ್ ಬಾಕ್ಸಿಗೆ ಕೈ ಹಾಕುವ ರಗಳೆಯೇ ಇಲ್ಲ, ಗೇರ್ ಹಾಕಿದರೆ ಮಾತ್ರ ಸ್ಕ್ರೀನು ಹೊತ್ತುತ್ತದೆ. ಚಿತ್ರ ಬರಲು ಒಂದೆರಡು ಸೆಕೆಂಡು ಹಿಡಿಯುತ್ತದೆ, ಅಷ್ಟು ಕಾಯಬೇಕು. ಬಲ್ಬು ಸುಟ್ಟಿದೆಯೇ ಎಂದು ಕಂಪ್ಯೂಟರೇ ನೋಡಿಕೊಳ್ಳುವ ಹೊಸ ಕಾರುಗಳಲ್ಲಿ ಹೀಗೆ ನೇರ ಜೋಡಿಸಿದರೆ ಚಿತ್ರ ಮಿಣುಕಬಹುದು, ಅಲ್ಲಿ ನಡುವೆ ರಿಲೇ, ಅಂದರೆ ಕರೆಂಟಿನಿಂದಲೇ ಹೊತ್ತಿ ಆರುವ ಒಂದು ಸ್ವಿಚ್ಚು, ಬೇಕಾಗುತ್ತದೆ.

ಕೇಬಲನ್ನು ಮುಂದಕ್ಕೆ ತಂದದ್ದು ಬಾಗಿಲುಗಳ ಅಡಿಯ ಪ್ಲಾಸ್ಟಿಕ್ ಪಟ್ಟಿಯೊಳಗೆ. ಅವಧಿ ಮುಗಿದ ಎಟಿಎಂ ಕಾರ್ಡು ಮತ್ತು ಅಡುಗೆಮನೆಯ ಮರದ ಸಟ್ಟುಗದಲ್ಲಿ ಮೀಟಿದರೆ ಪಟ್ಟಿಗಳು ಏಳುತ್ತವೆ. ಎರಡು ಕ್ಲಿಪ್ಪು ಮುರಿದವು, ಸಟ್ಟುಗ ಮುರಿಯಲಿಲ್ಲ. ಸೀಟ್ ಬೆಲ್ಟು ಸುತ್ತಿಕೊಳ್ಳುವ ಜಾಗದ ಹತ್ತಿರ ಕೇಬಲ್ ಸುಳಿಯದ ಹಾಗೆ ನೋಡಿಕೊಂಡೆ.

ಇಲ್ಲಿಯವರೆಗೆ ಎಲ್ಲ ಸರಿ. ಸೋಮಾರಿತನ ಮಾಡಿದ್ದು ಒಂದೇ ಕಡೆ. ಡಿಕ್ಕಿ ಬಾಗಿಲಿನಿಂದ ಬಾಡಿಗೆ ವೈರು ದಾಟಬೇಕಲ್ಲ, ಅದನ್ನು ನೀರು ಒಳಗೆ ಬಾರದ ಹಾಗೆ ಬಾಗಿಲಿನ ಸುತ್ತ ಇರುವ ರಬ್ಬರ್ ಬೀಡಿಂಗಿನ ಮೇಲಿಂದಲೇ ಹಾಯಿಸಿ ಬಾಗಿಲು ಮುಚ್ಚಿದೆ. ತೆಳು ವೈರು, ಬಾಗಿಲು ಸರಿಯಾಗಿಯೇ ಕೂತಿತು. ಮೇ ತಿಂಗಳಿಡೀ ನಾನು ಓಣಿಯಲ್ಲಿ ದೊಡ್ಡ ಇಂಜಿನಿಯರ್.

ಜೂನಿನಲ್ಲಿ ಮಳೆ ಹಿಡಿಯಿತು. ನಮ್ಮಲ್ಲಿ ಮಳೆ ಹನಿಯುವುದಿಲ್ಲ, ಸುರಿಯುತ್ತದೆ, ಅದೂ ಓರೆಯಾಗಿ. ನಾಲ್ಕನೆಯ ದಿನ ಕಾರಿನೊಳಗೆ ಒಣಮೀನಿನ ಹಾಗೆ ಒಂದು ವಾಸನೆ. ಡಿಕ್ಕಿಯ ಮ್ಯಾಟ್ ಎತ್ತಿದರೆ ಸ್ಟೆಪ್ನಿಯ ಗುಂಡಿಯಲ್ಲಿ ಎರಡು ಬೆರಳು ನೀರು. ವೈರು ಹಾದಲ್ಲಿ ಬೀಡಿಂಗ್ ಕೂದಲೆಳೆಯಷ್ಟು ಎದ್ದಿತ್ತು, ನೀರು ವೈರನ್ನೇ ಹಿಡಿದುಕೊಂಡು ಒಳಗೆ ಇಳಿದಿತ್ತು. ಜೋಡಣೆಗೆ ನಾನು ಬಳಸಿದ್ದ ನೀಲಿ ಪ್ಲಾಸ್ಟಿಕ್ ಕ್ಲಿಪ್ಪನ್ನು ಬಿಚ್ಚಿದರೆ ತಾಮ್ರ ಆಗಲೇ ಹಸಿರು ತಿರುಗಿತ್ತು. ಪೂಜೆಯ ಚೊಂಬನ್ನು ಹುಣಸೆಹುಳಿ ಹಾಕಿ ತಿಕ್ಕದೆ ಬಿಟ್ಟರೆ ಹಿಡಿಯುವ ಅದೇ ಕಿಲುಬು. ಆ ಕ್ಲಿಪ್ಪು ವೈರಿನ ಸಿಪ್ಪೆ ಸೀಳಿ ಕಚ್ಚುತ್ತದೆ, ಸೀಳಿದಲ್ಲಿ ತೇವ ಸೇರುತ್ತದೆ. ಘಟ್ಟದ ಮೇಲೆ ವರ್ಷಗಟ್ಟಲೆ ಬಾಳುತ್ತದೋ ಏನೋ, ಕರಾವಳಿಯಲ್ಲಿ ನಾನು ಮತ್ತೆ ಮುಟ್ಟುವುದಿಲ್ಲ.

ಎರಡನೆಯ ಭಾನುವಾರ ಸರಿಯಾದ ದಾರಿಗೆ ಬಂದೆ. ಡಿಕ್ಕಿ ಬಾಗಿಲಿನ ಮೇಲ್ಮೂಲೆಯಲ್ಲಿ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಒಂದು ರಬ್ಬರ್ ನಳಿಕೆ ಇರುತ್ತದೆ, ಕಂಪನಿಯ ವೈರುಗಳು ಹೋಗುವುದು ಅದರೊಳಗೆ. ಅದರ ಎರಡೂ ತುದಿ ಬಿಡಿಸಿ ಮೊದಲು ಹಿಡಿಸೂಡಿ ಕಡ್ಡಿ ತೂರಿಸಿದೆ. ಅರ್ಧಕ್ಕೇ ಮುರಿದು ಒಳಗೆ ಉಳಿಯಿತು, ಅದನ್ನು ಹೊರಗೆ ತೆಗೆಯಲು ಇನ್ನಷ್ಟು ಹೊತ್ತು. ಕೊನೆಗೆ ಕೆಲಸಕ್ಕೆ ಬಂದದ್ದು ಮಗನ ಹಳೆ ಸೈಕಲಿನ ಬ್ರೇಕ್ ಕೇಬಲ್. ಮಡಿಕೆಗಳಲ್ಲಿ ಸಿಕ್ಕಿಕೊಳ್ಳದೆ ಬಗ್ಗುತ್ತ ಆಚೆ ಬಂತು. ಅದರ ತುದಿಗೆ ಕ್ಯಾಮೆರಾ ವೈರಿನ ತುದಿಯ ಹಳದಿ ವಿಡಿಯೋ ಪಿನ್ನನ್ನು ಕಟ್ಟಿ, ಪಿನ್ನಿನ ಹೆಗಲು ಸಿಕ್ಕದ ಹಾಗೆ ಟೇಪಿನಲ್ಲಿ ಮೊನೆ ಮಾಡಿ ಸುತ್ತಿ, ಸೋಪುನೀರು ಹಚ್ಚಿ ಎಳೆದೆ. ಮಾವ ತೆಂಗಿನೆಣ್ಣೆ ತಂದಿದ್ದರು. ಎಣ್ಣೆ ರಬ್ಬರಿಗೆ ಒಳ್ಳೆಯದಲ್ಲ ಎಂದು ಬೇಡ ಎಂದೆ, ಅವರಿಗೆ ಸ್ವಲ್ಪ ಬೇಸರವಾಯಿತು. ಆ ಒಂದು ಗೇಣು ನಳಿಕೆ ದಾಟಲು ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು.

ಈ ಸಲ ಜೋಡಣೆಗಳಿಗೆಲ್ಲ ಬೆಸುಗೆ, ಮೇಲೆ ಹೀಟ್ ಶ್ರಿಂಕ್ ಸ್ಲೀವ್, ಅದರ ಮೇಲೆ ಟೇಪು. ಕ್ಯಾಮೆರಾದ ಬಾಲ ಗೂಡಿನೊಳಗೆ ಹೋಗುವ ಮೊದಲು ಸ್ವಲ್ಪ ಜೋತುಬೀಳುವ ಹಾಗೆ ಬಿಟ್ಟೆ. ವೈರನ್ನು ಹಿಡಿದು ಬರುವ ನೀರು ಆ ಜೋಲಿನ ತಳದಲ್ಲೇ ತೊಟ್ಟಿಕ್ಕಿ ಬೀಳಬೇಕು, ಮೇಲೆ ಹತ್ತಬಾರದು. ಕ್ಯಾಮೆರಾದ ಬೆನ್ನಿನಿಂದ ವೈರು ಹೊರಡುವ ಜಾಗಕ್ಕೂ ಸಿಲಿಕೋನ್ ಬಳಿದೆ. ಡಬ್ಬಿಯ ಮೇಲೆ ವಾಟರ್‌ಪ್ರೂಫ್ ಎಂದು ಬರೆದದ್ದೇನೋ ನಿಜ, ಬರೆದವರು ಆಷಾಢದಲ್ಲಿ ಮಂಗಳೂರಿಗೆ ಬಂದವರಾಗಿರಲಿಕ್ಕಿಲ್ಲ.

ಇನ್ನು ಆ ಹಸಿರು, ಹಳದಿ, ಕೆಂಪು ಗೆರೆಗಳು. ಇವು ಚಿತ್ರದ ಮೇಲೆ ಅಚ್ಚೊತ್ತಿದ ಹಾಗೆ ಇರುತ್ತವೆ, ಸ್ಟಿಯರಿಂಗ್ ತಿರುಗಿಸಿದರೆ ತಿರುಗುವುದಿಲ್ಲ. ಸಮತಟ್ಟಾದ ಜಾಗದಲ್ಲಿ ಬಂಪರಿನಿಂದ ಅರ್ಧ, ಒಂದು, ಎರಡು ಮೀಟರಿಗೆ ಬಕೆಟ್ ಇಟ್ಟು ನೋಡಿ, ಕೆಂಪು ಗೆರೆ ಅರ್ಧ ಮೀಟರಿಗೆ ಬರುವ ಹಾಗೆ ಕ್ಯಾಮೆರಾವನ್ನು ಬಗ್ಗಿಸಿದೆ. ಆಮೇಲೆ ಅಂಗಳಕ್ಕೆ ತಂದು ನೋಡಿದರೆ ಲೆಕ್ಕ ತಪ್ಪಿತು. ಹಿಂದಿನ ನೆಲ ಏರಿಕೊಂಡು ಹೋಗುವಲ್ಲಿ ವಸ್ತುಗಳು ಚಿತ್ರದಲ್ಲಿ ಮೇಲಕ್ಕೆ ಕಾಣುತ್ತವೆ, ಗೆರೆಯ ಪ್ರಕಾರ ದೂರ ಇದ್ದ ಹಾಗೆ ಅನಿಸುತ್ತದೆ. ಇರುವುದು ಹತ್ತಿರ. ಇಳಿಜಾರಿಗೆ ಹಿಂದೆ ಹೋಗುವಾಗ ಇದರ ತಿರುಗಾಮುರುಗಾ. ಮಂಗಳೂರಿನಂಥ ಗುಡ್ಡೆಯ ಊರಿನಲ್ಲಿ ಆ ಗೆರೆ ನಂಬಿಕೊಂಡು ಕೂತರೆ ಕಂಬಕ್ಕೆ ಇನ್ನೊಮ್ಮೆ ಉಜ್ಜುವುದೇ. ನಾನು ಗೇಟುಕಂಬದ ಬುಡದಲ್ಲಿ, ನೆಲದಿಂದ ಒಂದಡಿ ಎತ್ತರಕ್ಕೆ, ಬಿಳಿ ಪೈಂಟಿನ ಪಟ್ಟೆ ಬಳಿದೆ. ಅದು ಸ್ಕ್ರೀನಿನ ಎಡ ಅಂಚು ಮುಟ್ಟುವ ಹೊತ್ತಿಗೆ ಸ್ಟಿಯರಿಂಗ್ ನೇರ ಮಾಡಿದರೆ ಕಾರು ಸಲೀಸಾಗಿ ದಾಟುತ್ತದೆ. ಓಣಿಯಲ್ಲಿ ಬದಿಯಿಂದ ನುಗ್ಗಿ ಬರುವ ಸ್ಕೂಟರು ಮಾತ್ರ ಈ ಕ್ಯಾಮೆರಾಕ್ಕೆ ಹೊತ್ತಿಗೆ ಕಾಣುವುದಿಲ್ಲ. ಅದಕ್ಕೆ ಈಗಲೂ ಮಾವನೇ ಬೇಕು. ಗೇಟಿನ ಒಳಗೆ ನಿಲ್ಲುತ್ತಿದ್ದವರನ್ನು ರಸ್ತೆಯ ಅಂಚಿಗೆ ನಿಲ್ಲಿಸಿದ್ದೇನೆ, “ಬರ್ಲಿ” ಎನ್ನುವುದು ಬೇಡ, “ನಿಲ್ಲು” ಮಾತ್ರ ಹೇಳಿ ಎಂದಿದ್ದೇನೆ.